ಗೋಡೆಗೊಂದು ಖಾತೆ, ಮಗುವಿಗೊಂದು ಖಾತೆ

ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ,

ಶಾಲೆಯ ಹಳೆ ಕಟ್ಟಡವನ್ನು ಉಳಿಸಿಕೊಳ್ಳಬೇಕು, ಫೀ ಕಟ್ಟಲಾಗದ ಮಕ್ಕಳಿಗೊಂದು ನಿಧಿ ಮಾಡಬೇಕು ಎಂದು ನೀವೆಲ್ಲ ಒಂದಾಗಿದ್ದೀರಿ. ನಿಮ್ಮ ಯೋಜನೆಯ ಪ್ರತಿಯನ್ನು ನನಗೂ ಕಳಿಸಿ ‘ಒಮ್ಮೆ ನೋಡಿ ಹೇಳಿ’ ಎಂದಿರಿ. ನೋಡಿದೆ. ಉತ್ಸಾಹ ಚೆನ್ನಾಗಿದೆ, ಬಣ್ಣದ ನಕ್ಷೆಗಳೂ ಚೆನ್ನಾಗಿವೆ. ಆದರೆ ಕೊನೆಯ ಪುಟದಲ್ಲಿ ‘ಒಟ್ಟು ಗುರಿ’ ಎಂದು ಒಂದೇ ಒಂದು ಮೊತ್ತ ಬರೆದಿದ್ದೀರಿ. ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಅದನ್ನು ಒಡೆದು ಎರಡು ಮಾಡಿ. ಕಟ್ಟಡಕ್ಕೆ ಬೇರೆ ಖಾತೆ, ಮಕ್ಕಳಿಗೆ ಬೇರೆ ಖಾತೆ. ಬ್ಯಾಂಕಿನಲ್ಲೂ ಬೇರೆ, ಪುಸ್ತಕದಲ್ಲೂ ಬೇರೆ, ಸಹಿ ಮಾಡುವವರೂ ಆದಷ್ಟು ಬೇರೆ.

ಒಂದೇ ಚೀಲದಲ್ಲಿ ಹಣ ಹಾಕಿದರೆ ಗೆಲ್ಲುವುದು ಯಾವಾಗಲೂ ಕಟ್ಟಡವೇ. ಮಾಡು ಸೋರುವುದು ಎಲ್ಲರಿಗೂ ಕಾಣುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೂನ್ ತಿಂಗಳಲ್ಲಿ ಬರಲೇ ಇಲ್ಲ ಎಂಬುದು ಹಾಜರಿ ಪುಸ್ತಕ ನೋಡುವ ಕ್ಲಾಸ್ ಟೀಚರಿಗೆ ಮಾತ್ರ ಕಾಣುತ್ತದೆ. ‘ಈ ವರ್ಷ ಮಾಡು ಮುಗಿಸಿಬಿಡೋಣ, ಮಕ್ಕಳ ನಿಧಿಯಿಂದ ತಾತ್ಕಾಲಿಕವಾಗಿ ಸ್ವಲ್ಪ ತೆಗೆಯೋಣ, ಮುಂದಿನ ವರ್ಷ ತುಂಬಿದರಾಯಿತು’ ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲಿ ಬಂದೇ ಬರುತ್ತದೆ. ಹೇಳುವವರು ಕೆಟ್ಟವರೇನಲ್ಲ, ಆದರೆ ಆ ಮುಂದಿನ ವರ್ಷ ಬರುವುದಿಲ್ಲ. ಬೇಡ ಎನ್ನಲು ನಿಮ್ಮ ಹತ್ತಿರ ಬರೆದಿಟ್ಟ ನಿಯಮ ಇರಬೇಕು. ಧೈರ್ಯವೊಂದನ್ನೇ ನಂಬಿ ಕೂತರೆ ಆಗದು.

ಮೊದಲು ಮಕ್ಕಳ ವಿಷಯ. ಸರ್ಕಾರದ ನೆರವು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿಮ್ಮಲ್ಲಿ ಅರ್ಧ ಜನ ಗಮನಿಸಿದಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಎಂದಿತು. ಆದರೆ ಆ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ದಿನ ಅದೇ ಮಗು, ಅದೇ ಬೆಂಚು, ಅದೇ ಗೆಳೆಯರು, ಕೈಯಲ್ಲಿ ಮಾತ್ರ ಪೂರ್ತಿ ಫೀಯ ಚೀಟಿ. ಇದರ ಮೇಲೆ 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದೇ ಕಷ್ಟವಾಯಿತು. ಹಳೆಯ ನಿಯಮದಡಿ 2018ರಲ್ಲಿ ಎಲ್‌ಕೆಜಿ ಸೇರಿದ ಮಗು ಒಂಬತ್ತನೆಯ ತರಗತಿಗೆ ಬರುವುದು 2028ರಲ್ಲಿ. ಅಲ್ಲಿಯವರೆಗೆ ಪ್ರತಿ ಜೂನ್‌ನಲ್ಲೂ ಇಂಥ ಒಂದು ತಂಡ ನಮ್ಮ ಬಾಗಿಲಿಗೆ ಬರುತ್ತದೆ. ಆಮೇಲೆ ಬರುವವರು ಮೊದಲಿನಿಂದಲೂ ಫೀ ಕೊಟ್ಟೇ ಓದುತ್ತಿರುವ ಬಡವರು. ಕೇಂದ್ರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ನಮ್ಮಂಥ ಅನುದಾನರಹಿತ ಶಾಲೆಯ ಬಡ ಹುಡುಗ ಎಷ್ಟೇ ಜಾಣನಿದ್ದರೂ ಅದಕ್ಕೆ ಅರ್ಜಿ ಹಾಕುವಂತಿಲ್ಲ.

ಹಾಗಾಗಿ ‘ಬಡ ಪ್ರತಿಭಾವಂತ ವಿದ್ಯಾರ್ಥಿಗಳಿಗೆ’ ಎಂದು ನೀವು ಬರೆದಿರುವುದನ್ನು ಹೊಡೆದುಹಾಕಿ. ನಮ್ಮ ನಿಧಿ ಒಂಬತ್ತು ಮತ್ತು ಹತ್ತನೆಯ ತರಗತಿಗೆ, ಫೀ ಕಾರಣಕ್ಕೆ ಶಾಲೆ ಬಿಡುವ ಅಂಚಿನಲ್ಲಿರುವವರಿಗೆ ಎಂದು ಬರೆಯಿರಿ. ನೂರಕ್ಕೆ ತೊಂಬತ್ತು ತೆಗೆದವನಿಗೆ ಊರಲ್ಲಿ ಹತ್ತು ಸಂಘಗಳು ಶಾಲು ಹೊದಿಸುತ್ತವೆ. ಐವತ್ತೈದು ತೆಗೆದು, ಸಂಜೆ ಗ್ಯಾರೇಜಿಗೆ ಹೋಗಿ ಬರುವ ಹುಡುಗನನ್ನು ಕೇಳುವವರಿಲ್ಲ. ಈ ನಿಧಿ ಅವನಿಗೆ ಬೇಕು. ಬರೀ ಫೀ ಕಟ್ಟಿ ಕೈ ತೊಳೆದುಕೊಳ್ಳಲೂ ಬೇಡಿ. ಪರೀಕ್ಷಾ ಶುಲ್ಕ, ಬೂಟು, ಬಸ್ ಪಾಸ್, ಪ್ರವಾಸದ ದುಡ್ಡು, ಕನ್ನಡಕ, ಎಲ್ಲ ಸೇರಬೇಕು. ಫೀ ಮನ್ನಾ ಆದ ಹುಡುಗ ಪ್ರವಾಸದ ದಿನ ಜ್ವರ ಬಂತೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯುವಂತಾದರೆ ನಮ್ಮ ಕೆಲಸ ಅರ್ಧಕ್ಕೇ ನಿಂತಂತೆ.

ಇನ್ನು ಒಂದು ವಿಷಯದಲ್ಲಿ ನಾನು ಹಟಮಾರಿ ಎಂದೇ ತಿಳಿಯಿರಿ. ನಿಮ್ಮ ಯೋಜನೆಯಲ್ಲಿ ‘ದಾನಿಗಳಿಂದ ಮಕ್ಕಳಿಗೆ ವೇದಿಕೆಯಲ್ಲಿ ಚೆಕ್ ವಿತರಣೆ’ ಎಂದಿದೆ. ಬೇಡ. ಫೋಟೋ ಬೇಡ, ಮಗುವಿನ ಹೆಸರು ಬೇಡ, ‘ನನ್ನ ತಂದೆ ಕೂಲಿ ಮಾಡುತ್ತಾರೆ’ ಎಂದು ಆ ಮಗುವಿನ ಬಾಯಲ್ಲೇ ಹೇಳಿಸುವ ವಿಡಿಯೋ ಅಂತೂ ಬೇಡವೇ ಬೇಡ.

ನಮ್ಮ ಹಿರಿಯರು ಇದನ್ನು ನೂರು ವರ್ಷದ ಹಿಂದೆಯೇ ಅನುಭವಿಸಿ ಕಲಿತಿದ್ದಾರೆ. ವಾರಾನ್ನದ ಹುಡುಗರ ಕತೆ ನಿಮಗೆ ಗೊತ್ತಿರಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಎಷ್ಟೋ ದೊಡ್ಡವರು ಹಾಗೆ ಉಂಡು ಓದಿದರು. ಅನ್ನ ಹಾಕಿದ ತಾಯಂದಿರಿಗೆ ನಾವು ಕೈಮುಗಿಯಬೇಕು. ಆದರೆ ಪ್ರತಿದಿನ ಒಂದು ಹೊಸ ಹೊಸ್ತಿಲ ಮುಂದೆ ನಿಲ್ಲುವ ಹುಡುಗನ ಮುಖ ಹೇಗಿರುತ್ತಿತ್ತು ಎಂಬುದನ್ನು ಅದೇ ದೊಡ್ಡವರು ಬರೆದಿಟ್ಟಿದ್ದಾರೆ. ಪಟ್ಟಣದಲ್ಲಿ ಅಂಥ ಮನೆಗಳೇ ಇಲ್ಲದ ಜಾತಿಯ ಹುಡುಗರಿಗೆ ಆ ಬಾಗಿಲೂ ಇರಲಿಲ್ಲ. ಇದಕ್ಕೆ ಉತ್ತರವಾಗಿಯೇ ಪ್ರಸಾದ ನಿಲಯಗಳೂ ವಿದ್ಯಾರ್ಥಿ ನಿಲಯಗಳೂ ಬಂದವು. ಧಾರವಾಡದ ಮುರುಘಾಮಠದಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ ಕೊಟ್ಟವರು ಮಠಕ್ಕೆ ಕೊಟ್ಟರು, ಉಂಡವರು ಮಠದಲ್ಲಿ ಉಂಡರು. ಯಾರ ಜೋಳ ಯಾರ ತಟ್ಟೆಗೆ ಬಂತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವೆ ಒಂದು ಸಂಸ್ಥೆ ನಿಂತಿತು. ನಿಮ್ಮ ನಿಧಿಯೂ ಹಾಗೆ ನಡುವೆ ನಿಲ್ಲಬೇಕು. ಮುಖ್ಯ ಶಿಕ್ಷಕರು, ಒಬ್ಬ ಹಿರಿಯ ಶಿಕ್ಷಕಿ, ಹೊರಗಿನ ಒಬ್ಬರು, ಈ ಮೂವರಿಗೆ ಮಾತ್ರ ಹೆಸರು ಗೊತ್ತಿರಲಿ. ದಾನಿಗೆ ಸಂಖ್ಯೆ ಹೇಳಿ: ಇಷ್ಟು ಮಕ್ಕಳು, ಇಷ್ಟು ರೂಪಾಯಿ, ಇಷ್ಟು ಜನ ಹತ್ತನೆಯ ತರಗತಿ ಮುಗಿಸಿದರು. ಅಷ್ಟಕ್ಕೆ ತೃಪ್ತಿಯಾಗದವರು ನಮಗೆ ಕೊಡದಿದ್ದರೂ ನಡೆಯುತ್ತದೆ.

ಹಣ ಎತ್ತುವುದು ಎಂದರೆ ಭಿಕ್ಷೆ ಎಂಬ ಸಂಕೋಚ ನಿಮ್ಮಲ್ಲಿ ಕೆಲವರಿಗಿದೆ. ಬೆಳಗಾವಿಯ ಕತೆ ಕೇಳಿ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮುಂತಾದವರು ಸೇರಿ ತಮ್ಮ ಸಮಾಜದ ಹುಡುಗರ ಓದಿಗಾಗಿ ಒಂದು ನಿಧಿ ಕಟ್ಟಿದರು. ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಶಿಕ್ಷಣಕ್ಕೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಕೂಡಿ ಕೆಎಲ್‌ಇ ಸಂಸ್ಥೆಯನ್ನು ಒಂದು ಶಾಲೆಯಿಂದ ಶುರುಮಾಡಿದರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಅವರಲ್ಲಿದ್ದರು. ಜನ ಅವರನ್ನು ಸಪ್ತರ್ಷಿಗಳೆಂದೇ ಕರೆದರು. ಶಾಲೆಗೆ ಗಿಲಗಂಚಿ ಅರಟಾಳ ಎಂದು ಹೆಸರಾಯಿತು. ಮುಂದೆ 1933ರಲ್ಲಿ ಬಂದ ಕಾಲೇಜಿಗೆ ಲಿಂಗರಾಜರ ಹೆಸರು ಬಂತು. ಇದರಲ್ಲಿ ನೀವು ನೋಡಬೇಕಾದದ್ದು ಕ್ರಮವನ್ನು. ಮೊದಲು ಮಕ್ಕಳ ಓದಿಗೆ ನಿಧಿ, ಆಮೇಲೆ ಶಾಲೆ, ಆಮೇಲೆ ಕಲ್ಲಿನ ಕಟ್ಟಡ. ಕೇಳಲು ಹೊರಟ ಆ ಏಳು ಜನ ಮೊದಲು ತಮ್ಮದನ್ನು ಕೊಟ್ಟಿದ್ದರು. ಬೇರೆಡೆ ದೊಡ್ಡ ಸಂಬಳ ಸಿಗುತ್ತಿದ್ದವರು ಆಜೀವ ಸದಸ್ಯರಾಗಿ ಇಲ್ಲಿ ದುಡಿದರು. ನಿಮ್ಮ ಸಮಿತಿಯಲ್ಲಿ ಇರುವವರೆಲ್ಲ ಮೊದಲು ತಮ್ಮ ಪಾಲು ಹಾಕಿ, ಆಮೇಲೆ ಬೇರೆಯವರ ಬಾಗಿಲು ತಟ್ಟಿ. ‘ನೀವೆಷ್ಟು ಕೊಟ್ಟಿರಿ’ ಎಂದು ಕೇಳಿದ ವ್ಯಾಪಾರಿಗೆ ತಡವರಿಸದೆ ಉತ್ತರ ಹೇಳುವ ಹಾಗಿರಬೇಕು.

ಈಗ ಲೆಕ್ಕ. ಮೂಲನಿಧಿ ಮಾಡಿ ಬಡ್ಡಿಯಲ್ಲಿ ಫೀ ಕಟ್ಟುವ ಆಸೆ ಒಳ್ಳೆಯದೇ. ಆದರೆ ನೂರಕ್ಕೆ ಆರೂವರೆ ಬಡ್ಡಿ ಎಂದರೆ ಲಕ್ಷಕ್ಕೆ ಬರುವುದು ಆರೂವರೆ ಸಾವಿರ. ಒಂದು ಮಗುವಿಗೆ ವರ್ಷಕ್ಕೆ ಎಲ್ಲ ಸೇರಿ ಇಪ್ಪತ್ತಾರು ಸಾವಿರ ಬೇಕು ಎಂದಿಟ್ಟುಕೊಳ್ಳಿ. ಒಬ್ಬನಿಗೆ ನಾಲ್ಕು ಲಕ್ಷ ಗಂಟು ಬೇಕಾಯಿತು. ಫೀ ಪ್ರತಿವರ್ಷ ಏರುತ್ತದೆ, ಬಡ್ಡಿ ಏರುವುದಿಲ್ಲ. ಹತ್ತು ವರ್ಷ ಕಳೆದರೆ ಅದೇ ನಾಲ್ಕು ಲಕ್ಷ ಅರ್ಧ ಹುಡುಗನಿಗಷ್ಟೇ ಸಾಕಾದೀತು. ಅದೇ ನಿಮ್ಮಲ್ಲಿ ನೂರು ಜನ ತಿಂಗಳಿಗೆ ಐನೂರು ರೂಪಾಯಿ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಬರೆದುಕೊಟ್ಟರೆ ವರ್ಷಕ್ಕೆ ಆರು ಲಕ್ಷ. ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳ ಫೀ, ಈ ಜೂನ್‌ನಿಂದಲೇ. ಐನೂರು ರೂಪಾಯಿ ನಿಮ್ಮ ವಯಸ್ಸಿನವರಿಗೆ ಎಷ್ಟರದ್ದು ಎಂದು ನಾನು ಹೇಳಬೇಕಾಗಿಲ್ಲ. ಫೋನಿನಲ್ಲಿ ಊಟ ತರಿಸುವವರು ನೀವೇ.

ಸಣ್ಣ ಮೊತ್ತವನ್ನು ಕೀಳಾಗಿ ಕಾಣಬೇಡಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸುವ ಪಿಗ್ಮಿ ಠೇವಣಿ ಶುರುಮಾಡಿತು. ಆ ಎರಡಾಣೆಯ ಮೇಲೆ ಬ್ಯಾಂಕೇ ನಿಂತಿತು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿದವರು, 1906ರಲ್ಲಿ ಕೆನರಾ ಬ್ಯಾಂಕಿನ ಬುನಾದಿ ಹಾಕಿದವರೂ ಅವರೇ. ಶಾಲೆ ನಡೆಸುವುದಕ್ಕೂ ಸಣ್ಣ ಹಣ ಕೂಡಿಸುವುದಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ದೊಡ್ಡ ಮೊತ್ತ ಬಂದಾಗ ಮೂಲನಿಧಿಗೆ ಹಾಕಿ, ತಿಂಗಳ ಹಣ ಅದೇ ವರ್ಷ ಮಕ್ಕಳಿಗೆ ಖರ್ಚಾಗಲಿ. ಮತ್ತೆ ಒಂದು ಸೂಕ್ಷ್ಮ: ಒಂಬತ್ತಕ್ಕೆ ನೆರವು ಕೊಟ್ಟ ಮಗುವಿನ ಹತ್ತನೆಯ ತರಗತಿಯ ಹಣ ಅವತ್ತೇ ಕೈಯಲ್ಲಿರಬೇಕು. ನಡುದಾರಿಯಲ್ಲಿ ಕೈಬಿಡುವುದಕ್ಕಿಂತ ಕಡಿಮೆ ಮಕ್ಕಳನ್ನು ತೆಗೆದುಕೊಳ್ಳುವುದು ಮೇಲು.

ಕಟ್ಟಡದ ವಿಷಯಕ್ಕೆ ಬರೋಣ. ಇಲ್ಲಿ ನಾನು ತುಸು ಹೆಚ್ಚು ಮಾತಾಡುತ್ತೇನೆ, ಸಹಿಸಿಕೊಳ್ಳಿ. ನಿಮ್ಮ ನಕ್ಷೆಯಲ್ಲಿ ಮುಂಭಾಗಕ್ಕೆ ಹೊಸ ಬಣ್ಣ, ಗೋಡೆಗಳಿಗೆ ಸಿಮೆಂಟ್ ಗಿಲಾವು, ನೆಲಕ್ಕೆ ಟೈಲ್ಸ್, ಮೇಲೆ ತಗಡು ಎಂದಿದೆ. ಇದಕ್ಕೆ ಜೀರ್ಣೋದ್ಧಾರ ಎನ್ನಲಾರೆ. ನಮ್ಮ ಗೋಡೆ ನಿಂತಿರುವುದು ಸುಣ್ಣದ ಗಚ್ಚಿನ ಮೇಲೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಆ ನೀರನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ. ಅದು ಒಳಗೇ ಉಳಿದು ಉಪ್ಪು ಉಕ್ಕಿಸುತ್ತದೆ, ಕಲ್ಲಿನ ಸಂದಿನ ಗಚ್ಚನ್ನು ಹುಡಿ ಮಾಡುತ್ತದೆ, ಗೋಡೆಯಲ್ಲಿ ಸಿಕ್ಕಿಸಿದ ತೊಲೆಯ ತುದಿಯನ್ನು ಕೊಳೆಸುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಹೊಸದರಂತೆ ಹೊಳೆಯುತ್ತಿರುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣದ ಕತೆಯೂ ಇದೇ. ಹಳೆಯ ಗೋಡೆಗೆ ಅರಳಿಸಿ ಕೊಳೆಹಾಕಿದ ಸುಣ್ಣ, ಮರಳು, ಇಟ್ಟಿಗೆ ಪುಡಿ ಬೇಕು. ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುವ ಗಾರೆಯವರು ಇನ್ನೂ ಇದ್ದಾರೆ. ಹುಡುಕಬೇಕು, ಅವರ ಸಮಯಕ್ಕೆ ಕಾಯಬೇಕು. ಅವಸರದವರ ಕೆಲಸ ಇದಲ್ಲ.

ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಹಾಕಿದ ಮೇಲೆ ನಾಡಿನ ಶಾಲೆ, ಸ್ಟೇಷನ್ನು, ಕಚೇರಿಗಳೆಲ್ಲ ಕೆಂಪಾದವು. ಹೆಂಚು ಮಗುಚಿದರೆ ಕೆಳಗೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಂದು ಕಾರ್ಖಾನೆಯದು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಳೆಯದನ್ನು ಇಳಿಸಿ ಬಿಸಾಡಬೇಡಿ. ಬೆರಳಿನಿಂದ ತಟ್ಟಿ ನೋಡಿ. ಕಂಚಿನ ದನಿ ಬಂದದ್ದನ್ನು ಉಳಿಸಿ, ಬೊದ್ದು ದನಿಯದನ್ನು ತೆಗೆಯಿರಿ. ಉಳಿದ ಗಟ್ಟಿ ಹೆಂಚುಗಳನ್ನೆಲ್ಲ ಒಂದೇ ಇಳಿಜಾರಿಗೆ ಹಾಕಿ, ಹೊಸದನ್ನು ಇನ್ನೊಂದು ಕಡೆಗೆ. ಬಹಳ ಸಲ ಹೆಂಚಿನದು ತಪ್ಪೇ ಇರುವುದಿಲ್ಲ. ಅದರ ಕೆಳಗಿನ ರೀಪು ಬಾಗಿರುತ್ತದೆ, ಇಲ್ಲವೇ ಎರಡು ಮಾಡು ಕೂಡುವಲ್ಲಿನ ದಂಬೆ ಎಲೆ ಕಟ್ಟಿಕೊಂಡು ತುಂಬಿ ಹರಿದಿರುತ್ತದೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಕಟ್ಟಡ ಸುತ್ತಿ ನೋಡಿ ಬರೆದುಕೊಳ್ಳಿ. ಆಮೇಲೆ ಪಾರಂಪರಿಕ ಕಟ್ಟಡಗಳ ಕೆಲಸ ಬಲ್ಲ ವಾಸ್ತುಶಿಲ್ಪಿಯನ್ನು ಕರೆಸಿ. ಆತನ ಶುಲ್ಕ ದಂಡ ಅನ್ನಿಸಬಹುದು. ಆ ವರದಿ ಇಲ್ಲದೆ ಕಂತ್ರಾಟುದಾರನನ್ನು ಒಳಗೆ ಬಿಟ್ಟರೆ ಏನು ಒಡೆಯಬೇಕು, ಏನು ಉಳಿಸಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ.

2022ರ ಅಕ್ಟೋಬರಿನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಮಳೆಗೆ ನೆನೆದು ಕುಸಿಯಿತು. ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು. ಅದಕ್ಕೂ ಹತ್ತು ವರ್ಷದ ಹಿಂದೆ, 2012ರಲ್ಲಿ, ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಆ ಪುಣ್ಯ ಇರಲಿಲ್ಲ, ನಾಲ್ವರು ಸತ್ತರು. ಆದ್ದರಿಂದ ಅಂದಕ್ಕಿಂತ ಮೊದಲು ಭದ್ರತೆ. ಮೊದಲ ವರ್ಷದ ಹಣವೆಲ್ಲ ಮಾಡು, ದಂಬೆ, ಚರಂಡಿ, ಗೆದ್ದಲು ಹಿಡಿದ ತೊಲೆಗೆ ಹೋಗಲಿ, ಬಣ್ಣ ಕಡೆಗೆ. ದಾನಿಗಳು ಇದನ್ನು ಇಷ್ಟಪಡುವುದಿಲ್ಲ. ಚರಂಡಿಗೆ ತಮ್ಮ ತಂದೆಯ ಹೆಸರಿಡಿ ಎಂದು ಯಾರೂ ಕೇಳುವುದಿಲ್ಲ! ಹೆಸರಿನ ಕಲ್ಲು ಬೇಕೆಂದವರಿಗೆ ಒಂದೇ ಗೋಡೆಯಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ ಎಲ್ಲರ ಹೆಸರು ಬರೆಸಿ, ಐನೂರು ಕೊಟ್ಟವರದೂ ಐದು ಲಕ್ಷ ಕೊಟ್ಟವರದೂ. ಕಟ್ಟಡಕ್ಕೆ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ಪ್ರತಿ ಮೇ ತಿಂಗಳ ಸಣ್ಣ ರಿಪೇರಿಗೆಂದೇ ಮೀಸಲಿಡಿ. ಹಳೆಯ ಕಟ್ಟಡಗಳು ವಯಸ್ಸಾಗಿ ಬೀಳುವುದು ಕಡಿಮೆ. ಹತ್ತು ವರ್ಷ ಯಾರೂ ಮಾಡು ಹತ್ತಿ ನೋಡದೆ ಬೀಳುವುದೇ ಹೆಚ್ಚು.

ಕಾನೂನಿನ ಮಾತು ಚುಟುಕಾಗಿ. ಸಂಸ್ಥೆಯ ನೋಂದಣಿ, 80ಜಿ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿ. ಎರಡು ಸಾವಿರ ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ರಿಯಾಯಿತಿಯೇ ಇಲ್ಲ, ಹಾಗಾಗಿ ಸಂಬಳದ ಗೆಳೆಯರ ಮುಂದೆ ಅದನ್ನು ಆಮಿಷವಾಗಿ ಒಡ್ಡಬೇಡಿ. ಅಮೆರಿಕದಲ್ಲಿರುವ ನಿಮ್ಮ ಸಹಪಾಠಿಗಳ ಹಣದಲ್ಲಿ ಎಚ್ಚರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ದುಡಿಮೆಯಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆ ದೇಶದ ಪೌರತ್ವ ಪಡೆದವರದ್ದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಒಂದು ಡಾಲರ್ ಕೂಡ ಮುಟ್ಟಬಾರದು. ಪ್ರೀತಿಯಿಂದ ಬಂದ ಹಣವೂ ಸಂಸ್ಥೆಯನ್ನು ತೊಂದರೆಗೆ ಸಿಕ್ಕಿಸಬಲ್ಲದು. ಕಂಪನಿಗಳ ಸಿಎಸ್‌ಆರ್ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವೂ ಇದೆ. ಕೇಳಬಹುದು. ಆದರೆ ಅವರ ಹಣ ಒಂದು ವರ್ಷ ಬಂದು ಮರುವರ್ಷ ನಿಲ್ಲುತ್ತದೆ. ಅದನ್ನು ಮಾಡಿಗೆ ಬಳಸಿ, ಮಕ್ಕಳ ಫೀಗೆ ನಂಬಿಕೊಳ್ಳಬೇಡಿ.

ಇನ್ನೊಂದು ಬಗೆಯ ಹಣ ಬರುತ್ತದೆ. ‘ಐದು ಲಕ್ಷ ಕೊಡುತ್ತೇನೆ, ನಮ್ಮ ತಂಗಿಯ ಮಗನಿಗೆ ಒಂದು ಸೀಟು’. ಅದು ದೇಣಿಗೆಯಲ್ಲ, ಡೊನೇಷನ್. 1984ರಿಂದಲೂ ಕರ್ನಾಟಕದಲ್ಲಿ ಕ್ಯಾಪಿಟೇಷನ್ ನಿಷೇಧದ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ನಾವು ಬೇಡವೆನ್ನಬೇಕು. ಪ್ರವೇಶದ ತಿಂಗಳಲ್ಲಿ ಈಗಿನ ಪೋಷಕರ ಹತ್ತಿರ ನಿಧಿಯ ಮಾತೇ ಎತ್ತಬೇಡಿ. ಕೊಡದಿದ್ದರೆ ಮಗುವಿಗೆ ಏನಾಗುತ್ತದೋ ಎಂದು ಅಂಜಿ ಕೊಡುವ ದುಡ್ಡು ನಮಗೆ ದಕ್ಕುವುದಿಲ್ಲ.

ಕೇಳಲು ಹೋಗುವಾಗ ಇಬ್ಬರು ಹೋಗಿ. ಸಂದೇಶ ಕಳಿಸಿ ಸುಮ್ಮನೆ ಕೂರುವುದು ಬೇಡ. ಮನೆಗೆ, ಅಂಗಡಿಗೆ ಹೋಗಿ ಕೂತು ಮಾತಾಡಿ. ಎಷ್ಟು ಬೇಕು ಎಂದು ನೇರ ಹೇಳಿ. ‘ನಿಮಗೆ ತಿಳಿದಷ್ಟು ಕೊಡಿ’ ಎಂದರೆ ಅವರಿಗೂ ಮುಜುಗರ, ನಮಗೂ ನಷ್ಟ. ನಿವೃತ್ತ ಶಿಕ್ಷಕರ ಮನೆಗೆ ಹೋಗಿ, ಆದರೆ ಹಣ ಕೇಳಬೇಡಿ. ಯಾವ ಬ್ಯಾಚಿನ ಯಾರು ಎಲ್ಲಿದ್ದಾರೆ, ಯಾರ ಫೀಯನ್ನು ಯಾರು ಸದ್ದಿಲ್ಲದೆ ಕಟ್ಟಿದ್ದರು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಕೊಡುವವರ ಪಟ್ಟಿ ಅಲ್ಲಿ ತಯಾರಾಗುತ್ತದೆ. ಬಂದ ಪ್ರತಿ ರೂಪಾಯಿಗೂ ಅದೇ ವಾರ ರಸೀದಿ ಹೋಗಬೇಕು. ವರ್ಷಕ್ಕೊಮ್ಮೆ ಎರಡೂ ಖಾತೆಗಳ ಲೆಕ್ಕ ಲೆಕ್ಕಪರಿಶೋಧಕರ ಸಹಿಯೊಂದಿಗೆ ಶಾಲೆಯ ನೋಟಿಸ್ ಬೋರ್ಡಿನ ಮೇಲೆ ಬರಬೇಕು. ಅಂದ ಹಾಗೆ, ನಿಧಿ ಸಂಗ್ರಹದ ಉದ್ಘಾಟನೆಗೆ ನೀವು ಇಟ್ಟಿರುವ ಸಭಾಂಗಣ, ಹೋಳಿಗೆ ಊಟ, ನೆನಪಿನ ಕಾಣಿಕೆಯ ಖರ್ಚು ಇದೆಯಲ್ಲ, ಅದು ಎಂಟು ಮಕ್ಕಳ ಒಂದು ವರ್ಷದ ಫೀ. ಶಾಲೆಯ ಅಂಗಳದಲ್ಲೇ ಚಹಾ ಚುರುಮುರಿ ಇಟ್ಟು ಮುಗಿಸಿ, ಬಂದವರಿಗೆ ಸೋರುವ ಕೋಣೆಯನ್ನು ತೋರಿಸಿ.

ಕಾಲ ಕಡಿಮೆ ಇದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮರುದಿನ ಹೆಂಚು ಇಳಿಸಲು ಶುರುವಾದರೆ ಮಾತ್ರ ಮೇ ಕೊನೆಗೆ ಮಾಡು ಮುಚ್ಚುತ್ತದೆ. ಹೆಂಚು ಕಟ್ಟುವವರಿಗೆ, ಹಳೆಯ ಮರಗೆಲಸ ಬಲ್ಲ ಬಡಗಿಗಳಿಗೆ ಬೇಸಿಗೆಯಲ್ಲಿ ಬಿಡುವಿರುವುದಿಲ್ಲ, ಜನವರಿಯಲ್ಲೇ ಮಾತಾಡಿ ಮುಂಗಡ ಕೊಡಬೇಕು. ಸುಣ್ಣ ಅದಕ್ಕಿಂತ ಮೊದಲೇ ತೊಟ್ಟಿಗೆ ಬೀಳಬೇಕು. ಮಕ್ಕಳ ಪಟ್ಟಿಯನ್ನು ಆ ಮೂವರು ಮಾರ್ಚ್‌ನಲ್ಲೇ ಮುಗಿಸಲಿ, ಎಂಟನೆಯ ತರಗತಿಯ ಮಗು ಬೇಸಿಗೆ ರಜೆಗೆ ಹೋಗುವ ಮುಂಚೆ ಅದರ ಮನೆಗೆ ಪತ್ರ ಮುಟ್ಟಲಿ. ರಜೆ ಮುಗಿಯುವ ತನಕ ಕಾದರೆ ಅಷ್ಟರಲ್ಲಿ ಹುಡುಗನನ್ನು ಯಾವುದಾದರೂ ಅಂಗಡಿಗೆ ಸೇರಿಸಿರುತ್ತಾರೆ, ಹುಡುಗಿಗೆ ಮನೆಗೆಲಸ ಹಚ್ಚಿರುತ್ತಾರೆ. ಬ್ಯಾಂಕಿನಲ್ಲಿ ಎರಡು ಖಾತೆ ತೆರೆಯಲು ಆಡಳಿತ ಮಂಡಳಿಯ ಠರಾವು ಬೇಕು. ಮುಂದಿನ ಸಭೆಯ ವಿಷಯಪಟ್ಟಿಗೆ ಅದನ್ನು ಈ ವಾರವೇ ಸೇರಿಸಿ ಕಳಿಸಿ.